ಹಾವಸೆ ಮತ್ತು ಶೈವಲ: ಒಂದು ಶಬ್ದವಿಚಾರ

ನೀರೊಳಗೂ ನೀರಿನ ಮೇಲೂ ಬೆಳೆಯುವ ಹಸುರಿಗೆ ಸಂಸ್ಕೃತದಲ್ಲಿ ಶೈವಲ, ಶೈವಾಲ, ಜಲನೀಲೀ ಎಂದೂ, ಕನ್ನಡದಲ್ಲಿ ಪಾವಸೆ, ಹಾವಸೆ, ಪಾಚಿ ಎಂದೂ ಹೆಸರುಗಳುಂಟು. ಕೋಶಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಇವು ಒಂದಕ್ಕೊಂದು ಅರ್ಥವಾಗಿ ನಿಲ್ಲುವುವು. ಶೈವಲವೆಂದರೇನೆಂದು ಕೇಳಿದ ವಿದ್ಯಾರ್ಥಿಗೆ ಹಾವಸೆಯೆಂದೂ, ಹಾವಸೆಯೆಂದರೇನೆಂದು ಕೇಳಿದವನಿಗೆ ಶೈವಲವೆಂದೂ ಉತ್ತರ ದೊರೆಯುವುದು. ಉತ್ತರ ಸುಲಭವಾದುದು; ಆದರೆ ಅದು ಸರಿಯಾದುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದು ಬರಿಯ ಕೋಶದ ಪ್ರಶ್ನೆಯಲ್ಲ. ಎರಡು ಉತ್ತಮ ಕಾವ್ಯಸ್ಥಳಗಳ ಅರ್ಥವು ಇದರ ಮೇಲೆ ನಿಂತಿದೆ.

ಅವುಗಳಲ್ಲಿ ಮೊದಲನೆಯದು ಶಾಕುಂತಲದ ಪ್ರಥಮಾಂಕದಲ್ಲಿದೆ. ನಾರುಮಡಿಯನ್ನುಟ್ಟ ಶಕುಂತಲೆಯನ್ನು ಕಂಡು ದುಷ್ಯಂತನು, ಶೈವಲವು ಹೆಣೆದುಕೊಂಡಿದ್ದರೂ ತಾವರೆಯು ರಮ್ಯವೇ ಎಂಬ ಭಾವವನ್ನಾಡುವನು. ನಾರುಮಡಿಯು ಮೈಯನ್ನು ಸುತ್ತಿಕೊಂಡಿರುವಂತೆ ಶೈವಲವು ತಾವರೆಯನ್ನು ಸುತ್ತಿಕೊಂಡಿರಬೇಕು; ಅದಲ್ಲದೆ ಉಪಮೆಯು ಕೂಡದು. ಕುಮಾರಸಂಭವದ ಐದನೆಯ ಸರ್ಗದಲ್ಲಿ ಇದೇ ಕವಿಯು ಪಾರ್ವತಿಯ ತಪಸ್ಸನ್ನು ವರ್ಣಿಸುತ್ತ, ಕಮಲವು ದುಂಬಿಗಳ ಸಾಲಿನಿಂದ ಮಾತ್ರವಲ್ಲದೆ ಶೈವಲದ ಸಂಗದಿಂದಲೂ ಶೋಭಿಸುವುದೆಂದು ಹೇಳುವನು. ಅಲ್ಲಿ ದುಂಬಿಗಳ ಸಾಲಿಗೆ ಹೋಲಿಕೆಯಾದುದು ಬಾಚಿದ ಕೇಶ. ಶೈವಲಕ್ಕೆ ಹೋಲಿಕೆಯಾದುದು ಜಟೆ. ಜಟೆಯೆಂದಮೇಲೆ ಎಳೆಯುಂಟು, ಉದ್ದವುಂಟು, ಸಿಕ್ಕುಂಟು. ಮಜ್ಜನದ ಮೆಟ್ಟಲಿನ ಮೇಲೆ ಕಟ್ಟಿದ ಲೋಳೆಯಂತಹ ಹಸುರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಎರಡು ಸ್ಥಳಗಳನ್ನು ಓದುವವನಿಗೆ ಕವಿಯು ಕಂಡುದು ಕಾಣುವುದಿಲ್ಲ.

ಎರಡನೆಯದು ಬಸವಣ್ಣನವರ ವಚನದಲ್ಲಿರುವ ‘ಹಾವಸೆಗಲ್ಲು’ ಎಂಬ ಸಮಾಸ. ಹಾವಸೆಗಲ್ಲನ್ನು ಮೆಟ್ಟಿ ಓಡುವವನು ಗುರಿಯನ್ನು ಮುಟ್ಟಲಾರನೆಂಬುದು ಅಲ್ಲಿಯ ಭಾವ. ನುಡಿಗೂ ನಡೆಗೂ ಇರುವ ಅಂತರವನ್ನು ಹೇಳುವುದಕ್ಕಾಗಿ ಈ ಕಲ್ಲು ಬಂದಿದೆ. ಇಲ್ಲಿ ಬೇಕಾದುದು ಜಾರಿಕೆ. ಎಳೆಎಳೆಯಾಗಿ ನೀರಿನಲ್ಲಿ ತೂಗುವ ಸಸ್ಯವನ್ನು ಇಲ್ಲಿ ಊಹಿಸಿದರೆ ವಚನದ ಕಾಲು ನಿಲ್ಲುವುದಿಲ್ಲ. ಆದುದರಿಂದ ಕಾಳಿದಾಸನ ಶೈವಲವೂ ವಚನದ ಹಾವಸೆಯೂ ಒಂದೇ ವಸ್ತುವೆಂದು ಹೇಳುವವರು ಒಂದು ಸ್ಥಳವನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗುವುದು. ಹೆಸರುಗಳ ಮೂಲವನ್ನು ಶೋಧಿಸಿದರೆ ಈ ತೊಡಕು ಬಿಡುವುದೇ ಎಂಬುದನ್ನು ಮುಂದೆ ಪರಿಶೀಲಿಸಲಾಗಿದೆ.

೧. ಸಂಸ್ಕೃತದ ಹೆಸರು

ಅಮರಸಿಂಹನು ಜಲನೀಲೀ, ಶೈವಾಲ, ಶೈವಲ ಎಂಬ ಮೂರನ್ನು ಪ್ರಥಮಕಾಂಡದ ವಾರಿವರ್ಗದಲ್ಲಿ ತಾವರೆ ನೈದಿಲೆಗಳ ನಡುವೆ ಹೇಳಿರುವನು. ದ್ವಿತೀಯಕಾಂಡದ ವನೌಷಧಿವರ್ಗಕ್ಕೆ ಅವನ್ನು ಒಯ್ದಿಲ್ಲ. ಇವನ್ನು ಗಿಡಮೂಲಿಕೆಗಳ ಸಾಲಿಗಿಂತ ನೀರಿನ ಪರಿವಾರದಲ್ಲಿಯೇ ಎಣಿಸಿದನೆಂಬುದು ಗಮನಾರ್ಹ. ಆದರೆ ಈ ಮೂರು ಹೆಸರುಗಳು ಒಂದೇ ಜಾತಿಯವಲ್ಲ. ಜಲನೀಲಿಯು ಬಣ್ಣದಿಂದ ಬಂದ ಹೆಸರು. ಅದರ ಅರ್ಥವು ಅದರಲ್ಲಿಯೇ ಕಾಣುವುದು. ಶೈವಲದ ಅರ್ಥವು ಹಾಗೆ ಕಾಣುವುದಿಲ್ಲ, ಅದನ್ನು ಹುಡುಕಬೇಕಾಗಿದೆ.

ವೈಯಾಕರಣರ ದಾರಿಯು ಎಲ್ಲರಿಗೂ ವಿದಿತವೇ ಇದೆ. ಉಣಾದಿಯಲ್ಲಿ ಸ್ವಪ್ನಾರ್ಥಕವಾದ ಶೀಙ್ ಧಾತುವಿಗೆ ವಲಞ್, ವಾಲನ್ ಎಂಬ ಪ್ರತ್ಯಯಗಳನ್ನು ಹಚ್ಚಿ ಶೈವಲ, ಶೇವಾಲ ಎಂಬ ರೂಪಗಳನ್ನು ಸಾಧಿಸಿದೆ. ನೀರಿನಲ್ಲಿ ಮಲಗಿರುವುದು ಎಂದು ಅರ್ಥವಾಯಿತು. ಅರ್ಥವು ಸೊಗಸಾಗಿಯೇ ಇದೆ. ಆದರೆ ಅದೇ ಸೂತ್ರವು ಅದೇ ಧಾತುವಿನಿಂದ ಮದ್ಯವಾಚಕವಾದ ಶೀಧುವನ್ನೂ ಸ್ವಭಾವವಾಚಕವಾದ ಶೀಲವನ್ನೂ ಸಾಧಿಸುವುದೆಂಬುದನ್ನು ನೆನೆದರೆ ಆ ಅರ್ಥಕ್ಕೆ ಎಷ್ಟು ಬೆಲೆಯನ್ನು ಕೊಡಬೇಕೆಂಬ ಶಂಕೆಯುಂಟಾಗುವುದು. ಉಣಾದಿಯ ಪ್ರಯೋಜನವು ಶಬ್ದಗಳ ಸಾಧುತ್ವವನ್ನು ತೋರಿಸುವುದು, ಅವುಗಳ ಚರಿತ್ರೆಯನ್ನು ಹೇಳುವುದಲ್ಲ. ನಾಮಗಳೆಲ್ಲವೂ ಧಾತುಜನ್ಯವೆಂಬ ಶಾಕಟಾಯನನ ಪಕ್ಷವನ್ನೂ, ಎಲ್ಲವೂ ಹಾಗಲ್ಲವೆಂಬ ಗಾರ್ಗ್ಯನ ಪಕ್ಷವನ್ನೂ ಯಾಸ್ಕನೇ ನಿರುಕ್ತದಲ್ಲಿ ಎದುರುಬದುರಾಗಿ ನಿಲ್ಲಿಸಿರುವುದರಿಂದ, ಈ ಶಂಕೆಯು ಹೊಸದೇನೂ ಅಲ್ಲ, ಶಾಸ್ತ್ರಕ್ಕೆ ಹೊರಗಾದುದೂ ಅಲ್ಲ.

ಶಂಕೆಯನ್ನು ಬಲಪಡಿಸುವುದು ಋಗ್ವೇದ. ಹತ್ತನೆಯ ಮಂಡಲದ ಅರುವತ್ತೆಂಟನೆಯ ಸೂಕ್ತದಲ್ಲಿ ಬೃಹಸ್ಪತಿಯು ಕತ್ತಲೆಯನ್ನು ಓಡಿಸಿದುದಕ್ಕೆ, ಗಾಳಿಯು ನೀರಿನ ಮೇಲಿನಿಂದ ‘ಶೀಪಾಲ’ವನ್ನು ತಳ್ಳುವುದು ಹೋಲಿಕೆಯಾಗಿದೆ. ಈ ಶೀಪಾಲವೇ ಮುಂದಿನ ಶೈವಾಲವೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ವೇದದಲ್ಲಿ ಪಕಾರವಿದ್ದಲ್ಲಿ ಲೌಕಿಕದಲ್ಲಿ ವಕಾರವಿದೆ. ಸ್ವರಗಳ ನಡುವಿನ ಪಕಾರವು ವಕಾರವಾಗುವುದು ಪ್ರಾಕೃತದ ಪ್ರಸಿದ್ಧ ಲಕ್ಷಣ. ಅದರ ಫಲವನ್ನು ಕನ್ನಡದ ತದ್ಭವಗಳಲ್ಲಿಯೇ ಕಾಣಬಹುದು. ದೀಪಿಕಾ ದೀವಿಗೆಯಾಯಿತು, ಕಪಿಲಾ ಕವಿಲೆಯಾಯಿತು. ಪಾಳಿಯಲ್ಲಿ ಸೇವಾಲವೆಂಬ ರೂಪವಿದೆ. ಆದುದರಿಂದ ಶೀಪಾಲವು ಜನರ ಬಾಯಲ್ಲಿ ವಕಾರವನ್ನು ಪಡೆದು, ಆ ವಕಾರದೊಡನೆಯೇ ಪಂಡಿತರ ಭಾಷೆಗೆ ಮರಳಿ ಬಂದು ಶೈವಾಲವಾಯಿತೆಂದು ಊಹಿಸುವುದು ಯುಕ್ತವಾಗಿದೆ. ಹೀಗಿರಲು ವಲಞ್ ಪ್ರತ್ಯಯದಲ್ಲಿರುವ ವಕಾರವು ಮೂಲದ ವಕಾರವಲ್ಲ, ಸವೆದ ಪಕಾರ. ಸವೆದ ರೂಪವನ್ನು ಮೂಲವೆಂದು ತಿಳಿದು ಮಾಡಿದ ವ್ಯುತ್ಪತ್ತಿಯು ಮೂಲವನ್ನು ತೋರಿಸಲಾರದು.

ಇದೇ ಜಾತಿಯ ಸಸ್ಯಕ್ಕೆ ವೇದದಲ್ಲಿ ‘ಅವಕಾ’ ಎಂಬ ಇನ್ನೊಂದು ಹೆಸರುಂಟು. ಶತಪಥಬ್ರಾಹ್ಮಣದ ಅಗ್ನಿಚಯನಪ್ರಕರಣದಲ್ಲಿ ಇದಕ್ಕೊಂದು ನಿರುಕ್ತಿಯಿದೆ: ನೀರುಗಳು ತಮ್ಮ ಸಾರವು ಕೆಳಗೆ ಹೋಯಿತೆಂದು ಹೇಳಿಕೊಂಡುವು, ಕೆಳಗೆ ಎಂಬರ್ಥದ ‘ಅವಾಕ್’, ಸಾರವೆಂಬರ್ಥದ ‘ಕ’ ಎಂಬ ಎರಡು ಕೂಡಿ ಪರೋಕ್ಷವಾಗಿ ಅವಕಾ ಎಂಬ ಹೆಸರಾಯಿತು. ಇದು ಯಜ್ಞಾರ್ಥವನ್ನು ಪ್ರಕಾಶಪಡಿಸುವುದಕ್ಕಾಗಿ ಹೇಳಿದ ನಿರುಕ್ತಿ. ಶಬ್ದಚರಿತ್ರೆಯೆಂದು ಇದನ್ನು ಹಿಡಿಯಬಾರದು. ಆದರೆ ಅದೇ ಪ್ರಕರಣದ ಕ್ರಿಯೆಯು ವಸ್ತುನಿರ್ಣಯಕ್ಕೆ ಬಹಳ ಉಪಕಾರಿಯಾಗಿದೆ. ಚಿತಿಯ ತಾಪವನ್ನು ಶಮನಗೊಳಿಸುವುದಕ್ಕಾಗಿ ಕಪ್ಪೆ, ಅವಕಾ, ವೇತಸದ ಕೊಂಬೆ ಈ ಮೂರನ್ನು ಕೂಡಿಸಿ ಚಿತಿಯ ಮೇಲೆ ಎಳೆಯಬೇಕೆಂದು ಅಲ್ಲಿ ವಿಧಿಯಿದೆ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಮನೆ ಕಟ್ಟುವಾಗ ಕಂಬದ ಕುಳಿಗಳಲ್ಲಿ ಅವಕಾ ಶೀಪಾಲಗಳನ್ನು ಇಡಬೇಕೆಂದೂ, ಹಾಗೆ ಮಾಡಿದರೆ ಮನೆಯನ್ನು ಬೆಂಕಿ ಸುಡದೆಂದೂ ಹೇಳಿದೆ. ಕಟ್ಟಿ ಎಳೆಯಬಹುದಾದುದು, ಹಿಡಿದು ಕುಳಿಯಲ್ಲಿ ಇಡಬಹುದಾದುದು ಲೋಳೆಯಲ್ಲ, ಸಸ್ಯ. ಮ್ಯಾಕ್‌ಡೊನೆಲ್ ಮತ್ತು ಕೀತ್ ಇವರು ೧೯೧೨ರ ‘ವೇದಿಕ್ ಇಂಡೆಕ್ಸ್’ ಗ್ರಂಥದಲ್ಲಿ ಅವಕೆಯನ್ನು ಬ್ಲಿಕ್ಸಾ ಆಕ್ಟಾಂಡ್ರಾ ಎಂಬ ಜಲಸಸ್ಯವೆಂದು ಗುರುತಿಸಿದರು. ನೀರೊಳಗೆ ಮುಳುಗಿ, ಹುಲ್ಲಿನಂತೆ ಉದ್ದವಾದ ಎಲೆಗಳನ್ನು ಚಾಚುವ ಗಿಡವದು. ವಾಲಿಸ್ನೇರಿಯಾ, ಹೈಡ್ರಿಲ್ಲಾಗಳೂ ಅದೇ ಕುಟುಂಬಕ್ಕೆ ಸೇರಿದುವು.

ಉತ್ತರಹಿಂದೂಸ್ಥಾನದ ಸಕ್ಕರೆಯ ಕೆಲಸವು ಇದಕ್ಕೆ ಇನ್ನೊಂದು ಸಾಕ್ಷಿ. ಅಲ್ಲಿ ದೇಶೀಯ ಕ್ರಮದಲ್ಲಿ ಖಂಡಸಕ್ಕರೆಯನ್ನು ಬೆಳ್ಳಗೆ ಮಾಡುವಾಗ ಅದರ ಮೇಲೆ ನೀರಿನಿಂದ ತೆಗೆದ ಸಸ್ಯವನ್ನು ಹಾಸುತ್ತಿದ್ದರು. ಅದರ ತೇವವು ಮೆಲ್ಲಗೆ ಇಳಿದು ಕಾಕಂಬಿಯನ್ನು ಕೆಳಕ್ಕೆ ಒಯ್ಯುವುದು. ಆ ಸಸ್ಯಕ್ಕೆ ಹಿಂದಿಯಲ್ಲಿ ‘ಸೇವಾರ’ ಎಂದು ಹೆಸರು; ಅದು ಶೈವಾಲದ ಸಂತಾನ. ಯಜ್ಞದಲ್ಲಿ, ಗೃಹನಿರ್ಮಾಣದಲ್ಲಿ, ಸಕ್ಕರೆಯ ಕೆಲಸದಲ್ಲಿ, ಕಾಳಿದಾಸನ ಉಪಮೆಗಳಲ್ಲಿ, ಎಲ್ಲೆಲ್ಲಿಯೂ ಇದು ಕೈಯಿಂದ ಹಿಡಿದು ಎತ್ತಬಹುದಾದ ವಸ್ತು. ವೇದದ ಗಾಳಿಯೂ ಅದನ್ನು ನೀರಿನ ಮೇಲೆ ತಳ್ಳಿಕೊಂಡು ಹೋಗಬಲ್ಲುದು. ಅದು ಕಲ್ಲಿಗೆ ಅಂಟಿದುದಲ್ಲ.

೨. ಕನ್ನಡದ ಹೆಸರುಗಳು

ಹಾವಸೆಯ ಹಳೆಯ ರೂಪವು ಪಾವಸೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪಾವಸೆಯು ಹಾವಸೆಯಾಯಿತು. ವಚನದ ಪ್ರತಿಗಳಲ್ಲಿ ಹಕಾರವಿರುವುದರಿಂದ ಹನ್ನೆರಡನೆಯ ಶತಮಾನದಲ್ಲಿಯೇ ಈ ಶಬ್ದಕ್ಕೆ ಹಕಾರ ಬಂದಿತ್ತೆಂದು ಹೇಳಕೂಡದು. ಪ್ರತಿಗಳು ಬರೆದ ಕಾಲವು ವಚನದ ಕಾಲಕ್ಕಿಂತ ಈಚಿನದು.

ಈ ಶಬ್ದಕ್ಕೆ ಮೂರು ವ್ಯುತ್ಪತ್ತಿಗಳು ತೋರುವುವು.

ಮೊದಲನೆಯದು ಹಾವಿನಿಂದ. ಕಿವಿಗೆ ಮೊದಲು ತೋಚುವುದು ಇದೇ. ಹಾವಿನಂತೆ ತಣ್ಣಗಿರುವುದು, ಹಾವಿನಂತೆ ಜಾರುವುದು ಎಂದು ಅರ್ಥವನ್ನೂ ಹೊಂದಿಸಬಹುದು. ಪಾವು ಹಾವಾಗುವುದೂ ಪಾವಸೆ ಹಾವಸೆಯಾಗುವುದೂ ಒಂದೇ ನಿಯಮದಿಂದಾದುದರಿಂದ ರೂಪದ ದೃಷ್ಟಿಯಿಂದ ಮೊದಲರ್ಧಕ್ಕೆ ಬಾಧೆಯಿಲ್ಲ. ಆದರೆ ಹಾವನ್ನು ಬೇರ್ಪಡಿಸಿದಮೇಲೆ ಉಳಿಯುವ ‘ಅಸೆ’ ಎಂಬುದಕ್ಕೆ ಇಲ್ಲಿ ಹೊಂದುವ ಅರ್ಥವೇ ಇಲ್ಲ. ಅರ್ಧವನ್ನು ವಿವರಿಸಿ ಅರ್ಧವನ್ನು ಕೈಬಿಡುವ ವ್ಯುತ್ಪತ್ತಿಯು ಗ್ರಾಹ್ಯವಲ್ಲ. ಸೋದರಭಾಷೆಗಳಲ್ಲಿ ಈ ವಸ್ತುವಿಗಿರುವ ಹೆಸರುಗಳಲ್ಲಿಯೂ ಹಾವಿನ ಸುಳಿವಿಲ್ಲ.

ಎರಡನೆಯದು ಪಾಸು ಎಂಬ ಕ್ರಿಯೆಯಿಂದ, ಎಂದರೆ ಹಾಸಿಕೊಂಡಿರುವುದು ಎಂದು. ಹಾಸುಗಲ್ಲು, ಹಾವಸೆಗಲ್ಲು ಎಂಬ ಎರಡು ಸಮಾಸಗಳ ಧ್ವನಿಸಾಮ್ಯವು ಈ ಭ್ರಾಂತಿಗೆ ಎಡೆಗೊಡುವುದು. ಹಾಸುಗಲ್ಲೆಂದರೆ ಹಾಸಿದ ಚಪ್ಪಡಿ. ಹಾವಸೆಗಲ್ಲೆಂದರೆ ಹಾವಸೆ ಕಟ್ಟಿದ ಕಲ್ಲು. ಪಾಸುವಿನಿಂದ ಪಾವಸೆಯನ್ನು ಸಾಧಿಸುವುದಾದರೆ ನಡುವಿನ ವಕಾರವು ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕಾಗುವುದು. ಅದಕ್ಕೆ ಸಮಾಧಾನವಿಲ್ಲ.

ಮೂರನೆಯದು ಪಸುರಿನ ಮೂಲದಿಂದ. ತಮಿಳಿನಲ್ಲಿ ಹಸುರಿಗೆ ‘ಪಸು’ ಎಂದೂ, ಅದರ ದೀರ್ಘರೂಪದಿಂದ ಬಂದ ‘ಪಾಸಿ’ ಎಂಬುದಕ್ಕೆ ನೀರಿನ ಹಸುರು ಎಂದೂ ಅರ್ಥ. ಮಲೆಯಾಳದಲ್ಲಿ ‘ಪಾಯಲ್’, ತೆಲುಗಿನಲ್ಲಿ ‘ಪಾಚಿ’. ಬರೋ ಮತ್ತು ಎಮೆನೋ ಇವರು ೧೯೬೧ರಲ್ಲಿ ಮೊದಲು ಪ್ರಕಟಿಸಿ ೧೯೮೪ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ಪಾಸಿಯು ಹಸುರಿನ ಮೂಲದಡಿಯಲ್ಲಿಯೇ ನಿಂತಿದೆ. ಕೋಶಕ್ಕಿಂತ ಹಳೆಯದಾದ ಸಾಕ್ಷಿಯೊಂದು ಸಂಘಕಾಲದ ಕುರುಂತೊಗೈ ಎಂಬ ಸಂಕಲನದ ೩೯೯ನೆಯ ಪದ್ಯ. ಊರಿನವರು ನೀರು ತುಂಬುವ ಕೆರೆಯ ಪಾಸಿಯು ಮುಟ್ಟಿದಾಗಲೆಲ್ಲ ಸರಿದು, ಬಿಟ್ಟಾಗಲೆಲ್ಲ ಮರಳಿ ಹರಡುವಂತೆ, ನಲ್ಲನು ಮುಟ್ಟಿದಾಗ ಸರಿದು ಅಗಲಿದಾಗ ಮೈಮೇಲೆ ಹರಡುವ ವಿರಹದ ಬಣ್ಣವನ್ನು ನಾಯಿಕೆಯು ಅಲ್ಲಿ ಹೇಳಿಕೊಳ್ಳುವಳು. ಆ ಬಣ್ಣಕ್ಕೆ ತಮಿಳಿನಲ್ಲಿ ‘ಪಸಲೈ’ ಎಂದು ಹೆಸರು. ಪಾಸಿ, ಪಸಲೈ ಎರಡೂ ಪಸುವಿನ ಮಕ್ಕಳು. ಕವಿಯು ಸೋದರಶಬ್ದಗಳನ್ನು ಒಂದೇ ಉಪಮೆಯಲ್ಲಿ ಕೂಡಿಸಿರುವುದರಿಂದ ಅವುಗಳ ನಂಟು ಆ ಕಾಲಕ್ಕೇ ಭಾಷೆಯನ್ನಾಡುವವರಿಗೆ ಕೇಳಿಸುತ್ತಿದ್ದಿತೆಂದು ತಿಳಿಯಬಹುದು. ಅಲ್ಲಿಯೂ ಪಾಸಿಯೆಂದರೆ ಮೇಲ್ಮೈಯನ್ನು ಮುಚ್ಚಿಕೊಳ್ಳುವ ಹಸುರೇ ಹೊರತು ಉದ್ದವಾದ ಎಳೆಗಳ ಸಸ್ಯವಲ್ಲ.

ಪಾವಸೆಯ ಮೊದಲರ್ಧವು ಈ ವಂಶದ್ದಾದರೆ ಉತ್ತರಾರ್ಧವು ಯಾವುದು? ತೇವ, ಜಿಗುಟು ಎಂಬರ್ಥದ ‘ಪಸೆ’ ಎಂಬ ಶಬ್ದವು ಕನ್ನಡದಲ್ಲಿ ಇಂದಿಗೂ ಬಾಳುತ್ತಿದೆ. ಬಾಯ ಪಸೆ ಆರಿತೆಂದು ಎಲ್ಲರೂ ಹೇಳುವರು. ಸಮಾಸದಲ್ಲಿ ಉತ್ತರಪದದ ಆದಿಯ ಪ, ಬ, ಮಗಳಿಗೆ ವಕಾರಾದೇಶವು ಹಳಗನ್ನಡದಲ್ಲಿ ಪ್ರಸಿದ್ಧವಾದುದು: ಬೆಮರ್ವನಿ, ಕೈವಿಡಿ, ಪೂವಲಿ, ಮೆಲ್ವಾತು. ಹಾಗೆಯೇ ಪಾ ಎಂಬುದಕ್ಕೆ ಪಸೆ ಸೇರಿ ಪಾವಸೆಯಾಯಿತೆಂದರೆ ವಕಾರವು ವಿವರಿಸಲ್ಪಡುವುದು. ಎರಡು ಅರ್ಧಗಳಿಗೂ ಅರ್ಥ ದೊರೆಯುವುದು. ಹಸುರಾದ ಜಿಗುಟು ಎಂಬ ಕೂಡಿದ ಅರ್ಥವು ವಸ್ತುವಿಗೆ ನೇರವಾಗಿ ಹೊಂದುವುದು. ಇದರ ದೌರ್ಬಲ್ಯವೂ ಒಂದುಂಟು. ‘ಪಾ’ ಎಂಬುದು ಹಸುರೆಂಬರ್ಥದಲ್ಲಿ ಕನ್ನಡದಲ್ಲಿ ಸ್ವತಂತ್ರವಾಗಿ ನಿಂತಿಲ್ಲ. ಪಾಚಿ, ಪಾಸಿ, ಪಾಯಲ್‌ಗಳ ದೀರ್ಘದಲ್ಲಿ ಮಾತ್ರ ಅದನ್ನು ಹಿಡಿಯಬೇಕಾಗಿದೆ. ಆದರೂ ಮೂರರಲ್ಲಿ ಇದೊಂದೇ ಇಡಿಯ ಶಬ್ದಕ್ಕೆ ಉತ್ತರ ಕೊಡುವುದರಿಂದ ಇದನ್ನು ಗ್ರಹಿಸುವುದು ಉಚಿತ. ಶೈವಾಲದ ವಕಾರವೂ ಪಾವಸೆಯ ವಕಾರವೂ ಬೇರೆ ಬೇರೆ ದಾರಿಗಳಿಂದ ಪಕಾರಕ್ಕೇ ಹೋಗಿ ಸೇರುವುವೆಂಬುದು ವಿನೋದಕರವಾದ ಸಂಗತಿ.

ಪಾಚಿಯ ವಿಷಯದಲ್ಲಿ ಒಂದು ಮಾತು. ಕನ್ನಡದ ನಿಯಮದಂತೆ ಪಕಾರವು ಹಕಾರವಾಗಿ, ಚಕಾರದ ಸ್ಥಾನದಲ್ಲಿ ಸಕಾರವು ಬರಬೇಕಾಗಿದ್ದಿತು. ಹಸುರು, ಹಸಿ ಎಂಬುವುಗಳಲ್ಲಿ ಹಾಗೆಯೇ ಆಗಿದೆ. ಪಾಚಿಯಲ್ಲಿ ಎರಡೂ ಆಗಿಲ್ಲ. ಪಚ್ಚೆ ಎಂಬುದೂ ಪಕಾರವನ್ನು ಬಿಟ್ಟಿಲ್ಲವಾದರೂ ಅದರ ಪಕ್ಕದಲ್ಲಿ ಹಚ್ಚೆಯೂ ಇದೆ. ಪಾಚಿಗೆ ಅಂತಹ ಜೊತೆಯಿಲ್ಲದಿರುವುದರಿಂದ, ಅದು ತೆಲುಗಿನ ನೆರೆಯಿಂದ ಬಂದು ನೆಲೆಸಿರಬೇಕೆಂಬ ಊಹೆಗೆ ಬಲವುಂಟು. ಹಾಗಾದರೆ ಕನ್ನಡದ ನಿಜವಾದ ಹೆಸರು ಹಾವಸೆಯೇ.

೩. ಬೆಳಗಾವಿ ಸೀಮೆಯ ಸಾಕ್ಷ್ಯ

ಈ ಹೆಸರುಗಳು ಪುಸ್ತಕದಲ್ಲಿ ಮಾತ್ರವಲ್ಲದೆ ಬಾಯಲ್ಲಿಯೂ ಎದುರುಬದುರಾಗುವ ನಾಡು ಬೆಳಗಾವಿಯದು. ಕವಿರಾಜಮಾರ್ಗವು ಕನ್ನಡದ ತಿರುಳ ನಾಡಿನ ಮೇರೆಗಳಲ್ಲೊಂದಾಗಿ ಹೇಳಿರುವ ಒಕ್ಕುಂದವು ಇದೇ ಜಿಲ್ಲೆಯ ಮಲಪ್ರಭೆಯ ದಡದಲ್ಲಿದೆ. ಇತ್ತ ಬೆಳಗಾವಿ, ಖಾನಾಪುರಗಳ ಕಡೆ ಕನ್ನಡವೂ ಮರಾಠಿಯೂ ಒಂದೇ ಕೇರಿಯಲ್ಲಿ, ಅನೇಕ ಕಡೆಗಳಲ್ಲಿ ಒಂದೇ ಬಾಯಲ್ಲಿ, ಬಾಳುವುವು. ಕಿತ್ತೂರಿನ ರಾಣಿ ಚೆನ್ನಮ್ಮನ ಜನ್ಮಸ್ಥಳವಾದ ಕಾಕತಿಯು ಬೆಳಗಾವಿಯ ಉತ್ತರಕ್ಕಿದೆ. ರಕ್ಕಸಕೊಪ್ಪದ ಕಡೆಯಿಂದ ಇಳಿದು ಬರುವ ಮಾರ್ಕಂಡೇಯ ನದಿಯು ಅದರ ಸಮೀಪದಲ್ಲಿ ಹರಿದು, ಮುಂದೆ ಗೋಕಾಕದ ಕಡೆ ಘಟಪ್ರಭೆಯನ್ನು ಕೂಡುವುದು.

ಇಂತಹ ನದಿಯ ದಂಡೆಯಲ್ಲಿ ಎರಡು ವಸ್ತುಗಳನ್ನೂ ಒಟ್ಟಿಗೆ ಕಾಣಬಹುದು. ಮಳೆಗಾಲದಲ್ಲಿ ಕಲ್ಲಿನ ಮೇಲೂ ಮೆಟ್ಟಲಿನ ಮೇಲೂ ಬಾವಿಯ ಕಟ್ಟೆಯ ಮೇಲೂ ಕಟ್ಟುವುದು ಒಂದು. ಅದನ್ನು ಉಜ್ಜಿ ತೆಗೆಯಬೇಕು. ಮಳೆ ನಿಂತು ನೀರು ತಿಳಿಯಾದಮೇಲೆ ಹರಿವು ಮಂದವಾದ ಮಡುವಿನಲ್ಲಿ ಬೆಳೆದು ಕಾಲಿಗೆ ಸುತ್ತಿಕೊಳ್ಳುವುದು ಇನ್ನೊಂದು. ಅದನ್ನು ಎಳೆದು ತೆಗೆಯಬೇಕು. ಇಲ್ಲಿಯ ಕನ್ನಡದಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದರಿಂದ ಹಾವಸೆಯು ಹಾವಸಿಯಾಗುವುದು. ಕಾಲು ಜಾರಿಸುವುದೇ ಹಾವಸಿ. ಮರಾಠಿಯಲ್ಲಿ ಇದಕ್ಕೆ ‘ಶೇವಾಳ’ ಎನ್ನುವರು. ಶೈವಾಲವೇ ಪ್ರಾಕೃತದ ಮೂಲಕ ಇಳಿದು, ಮರಾಠಿಯ ಕ್ರಮದಂತೆ ಲಕಾರವು ಳಕಾರವಾಗಿ, ಶೇವಾಳವಾಗಿದೆ. ಆದರೆ ಶಬ್ದವು ಉಳಿದಿದ್ದರೂ ಅರ್ಥವು ಜರುಗಿದೆ: ಮರಾಠಿಯಲ್ಲಿ ಶೇವಾಳ ಹಿಡಿದ ಗೋಡೆ, ಶೇವಾಳ ಹಿಡಿದ ಪಾವಟಿಗೆ ಎನ್ನುವಲ್ಲಿ ಅದು ಕಲ್ಲಿಗೆ ಅಂಟಿದ ಹಸುರೇ. ಬಂಗಾಳಿಯ ‘ಶ್ಯಾವಲಾ’ ಎಂಬುದೂ ಇದೇ ದಾರಿ ಹಿಡಿದಿದೆ. ಹಿಂದಿಯ ಸೇವಾರವು ಮಾತ್ರ ಹಳೆಯ ಸಸ್ಯವನ್ನು ಬಿಡದೆ ಹಿಡಿದುಕೊಂಡಿತು.

ಇದರಿಂದ ಕೋಶಗಳ ಸಮೀಕರಣದ ಗುಟ್ಟು ತಿಳಿಯುವುದು. ಮರಾಠಿಯ ಶೇವಾಳಕ್ಕೆ ಕನ್ನಡದ ಹಾವಸೆಯು ಸರಿಯಾದ ಅರ್ಥ. ಅಮರನ ಜಲನೀಲಿಗೂ ಅದು ಒಪ್ಪಬಹುದಾದ ಅರ್ಥ; ಎರಡೂ ಬಣ್ಣದಿಂದ ಹುಟ್ಟಿದುವು. ಆದರೆ ಜಲನೀಲಿಯ ಪಕ್ಕದಲ್ಲಿ ಶೈವಲವಿದೆಯೆಂದು, ಶೇವಾಳದ ತಾಯಿಯು ಶೈವಾಲವೆಂದು, ಹಾವಸೆಯನ್ನು ಕಾಳಿದಾಸನವರೆಗೆ ಒಯ್ಯುವುದು ಯುಕ್ತವಲ್ಲ. ಮಗಳ ಅರ್ಥವನ್ನು ತಾಯಿಗೆ ಹೊರಿಸಿದಂತಾಗುವುದು.

ನೀರಿನ ಸಸ್ಯಗಳ ಹೆಸರುಗಳು ಹೀಗೆ ಜರುಗುವುದು ಅಪೂರ್ವವಲ್ಲ. ಬೇರು ನೆಲವನ್ನು ಮುಟ್ಟದೆ ತೇಲುವ ಚಿಕ್ಕ ಗಿಡಕ್ಕೆ ಕನ್ನಡದಲ್ಲಿ ಅಂತರಗಂಗೆ ಎಂದು ಹೆಸರು. ದಕ್ಷಿಣ ಅಮೆರಿಕೆಯ ಮೂಲದ, ನೇರಿಳೆ ಹೂವಿನ ಕಳೆಯು ಬಂದು ಕೆರೆಗಳನ್ನು ತುಂಬಿದಮೇಲೆ ಜನರು ಅದಕ್ಕೂ ಅದೇ ಹೆಸರನ್ನು ಕೊಟ್ಟರು. ಕೇರಳದಲ್ಲಿ ಹೊರದೇಶದಿಂದ ಬಂದ ಸಾಲ್ವಿನಿಯಾ ಎಂಬ ಕಳೆಗೆ ಆಫ್ರಿಕನ್ ಪಾಯಲ್ ಎಂದು ಹೆಸರಾಯಿತು. ನೀರೊಳಗಿನದನ್ನು ಜನರು ಜಾತಿಯಿಂದಲ್ಲ, ಅದು ನೀರಿಗೂ ಕಾಲಿಗೂ ಏನು ಮಾಡುವುದೆಂಬುದರಿಂದ ಹೆಸರಿಸುವರು. ಆದುದರಿಂದಲೇ ಒಂದು ಹೆಸರಿನಡಿಯಲ್ಲಿ ಯಾವ ಕಾಲದಲ್ಲಿ ಯಾವ ವಸ್ತುವಿದ್ದಿತೆಂಬುದನ್ನು ಪ್ರಯೋಗದಿಂದಲೇ ನಿರ್ಣಯಿಸಬೇಕು.

೪. ಫಲಿತಾರ್ಥ

ಮೇಲಿನ ವಿಚಾರದಿಂದ ಸಿದ್ಧವಾಗುವುದು ಇಷ್ಟು. ಶೈವಲವು ವೇದದ ಶೀಪಾಲದಿಂದ ಬಂದುದು. ನೀರಿನಲ್ಲಿ ಮಲಗುವುದೆಂಬ ಅರ್ಥವು ಈಚಿನ ರೂಪದ ಮೇಲೆ ಕಟ್ಟಿದುದು. ಆ ಹೆಸರಿನ ಹಳೆಯ ವಸ್ತುವು ಎಳೆಎಳೆಯಾದ, ಕೈಗೆ ಸಿಕ್ಕುವ ಜಲಸಸ್ಯ. ಹಾವಸೆಯು ಹಾವಿನಿಂದಲೂ ಹಾಸುವಿನಿಂದಲೂ ಬಂದುದಲ್ಲ. ಹಸುರು, ಪಸೆ ಎಂಬ ಎರಡು ಗುಣಗಳನ್ನು ಹೇಳುವ ಅಚ್ಚಗನ್ನಡದ ಹೆಸರು. ಒಂದನ್ನು ಎಳೆಯಬೇಕು, ಇನ್ನೊಂದನ್ನು ಉಜ್ಜಬೇಕು.

ಶಾಕುಂತಲವನ್ನು ಪಾಠ ಹೇಳುವವರು ಶೈವಲಕ್ಕೆ ಹಾವಸೆಯೆಂದು ಬರೆಸುವುದನ್ನು ಬಿಟ್ಟು, ನೀರೊಳಗೆ ಬೆಳೆದು ತಾವರೆಯ ದಂಟಿಗೆ ಸುತ್ತಿಕೊಳ್ಳುವ ಎಳೆಗಳ ಸಸ್ಯವೆಂದು ಬಿಡಿಸಿ ಹೇಳುವುದು ಮೇಲು. ಸಾಧ್ಯವಾದರೆ ಹತ್ತಿರದ ಕೆರೆಯಿಂದ ಒಂದು ಹಿಡಿಯನ್ನು ತಂದು ತೋರಿಸುವುದು ಇನ್ನೂ ಮೇಲು. ವಚನವನ್ನು ಪಾಠ ಹೇಳುವವರು ಹಾವಸೆಗೆ ಶೈವಲವೆಂದು ಸಂಸ್ಕೃತದ ಅರ್ಥವನ್ನು ಕೊಡುವುದು ಅನಾವಶ್ಯಕ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ನೂರಾರು ಕಲ್ಲುಗಳಿಗೆ ಹಾವಸೆಯನ್ನು ಕಟ್ಟಿಸುತ್ತ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಆ ದಂಡೆಯ ಜನರಿಗೆ ಹಾವಸೆಗಲ್ಲೆಂದರೇನೆಂಬುದನ್ನು ಕೋಶವು ಹೇಳಬೇಕಾಗಿಲ್ಲ. ಅವರ ಕಾಲುಗಳೇ ಹೇಳುವುವು.